ಗಂಡನ ಹಾದಿಯಲ್ಲಿ ನಡೆಯುವ ಜಗದೇವಿ

ಬೆಳಗಿನ ಆರು ಗಂಟೆ. ವಾಡಿಯಿಂದ ಚಿತ್ತಾಪುರದ ಕಡೆಗೆ ಹೋಗುವ ರೈಲು ಹಳಿಯ ಗುಂಟ ಜಗದೇವಿ ಒಬ್ಬರೇ ಹೊರಟಿದ್ದಾರೆ. ಹೆಗಲ ಮೇಲೆ ಸುತ್ತಿಗೆ, ನಟ್ಟು ಬಿಗಿಯುವ ಪಾನಾ, ಕೆಂಪು-ಹಸಿರು ಬಾವುಟಗಳ ಚೀಲ. ಹಳಿ ಹಿಡಿದ ಕ್ಲಿಪ್ಪು ಸಡಿಲಾಗಿರುವುದು ಕಂಡರೆ ಬಗ್ಗಿ ಎರಡೇಟು ಹಾಕಿ ಮುಂದೆ ಸಾಗುತ್ತಾರೆ. ಹೋಗಿ ಬರಲು ದಿನಕ್ಕೆ ಹತ್ತು ಕಿಲೋಮೀಟರ್. ಈ ದಾರಿಯಲ್ಲಿ ಸಾವಿರಾರು ಜನ ಕಿಟಕಿ ಪಕ್ಕ ಕೂತು ಹಾದು ಹೋಗುತ್ತಾರೆ. ನಲವತ್ತೇಳರ ಈ ಹೆಣ್ಣುಮಗಳ ಹೆಸರು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಒಂಬತ್ತು ವರ್ಷದ ಹಿಂದೆ ಇದೇ ಹಾದಿಯನ್ನು, ಹಳಿ ನೋಡಿಕೊಳ್ಳುವ ರೈಲ್ವೆ ನೌಕರನಾಗಿ ಗಂಡ ಪೀರಪ್ಪ ನಡೆಯುತ್ತಿದ್ದರು. ನಲವತ್ನಾಲ್ಕಕ್ಕೇ ಬಲಗೈ ನಡುಗತೊಡಗಿತು. ಪಾರ್ಕಿನ್ಸನ್ ಎಂದು ಗೊತ್ತಾಗಿ ಕೆಲಸ ಬಿಡಬೇಕಾಯಿತು. ಅನುಕಂಪದ ನೌಕರಿಯಾಗಿ ಆ ಜಾಗಕ್ಕೆ, ಅಲ್ಲಿಯವರೆಗೆ ರಾವೂರಿನ ಮನೆಯಿಂದ ಹೊರಗೆ ದುಡಿಯದಿದ್ದ ಜಗದೇವಿ ಬಂದರು. ಕೆಲಸ ಕಲಿಸಿದವರು ಪೀರಪ್ಪನ ಹಳೆಯ ಜೊತೆಗಾರ, ಭಂಕೂರದ ಭಾಗಣ್ಣ.

ನಡುಕಕ್ಕೆ ಮನೆ ಹೊಂದಿಕೊಂಡಿತು. ಹೊಂದಿಕೊಳ್ಳಲಾಗದ್ದು ಮೂರನೇ ವರ್ಷ ಬಂತು. ಪೀರಪ್ಪ ಹೆಂಡತಿಯ ಊಟದ ಡಬ್ಬಿ ತೆರೆದು ರೊಟ್ಟಿ ಎಣಿಸತೊಡಗಿದರು. ‘ನಿನಗ ಎರಡು ಸಾಕು, ನಾಕು ಯಾರಿಗೆ?’ ಹತ್ತು ನಿಮಿಷ ತಡವಾದರೆ ಭಾಗಣ್ಣನ ಹೆಸರೆತ್ತಿ ರಂಪ. ಮದುವೆಯಾಗಿ ಇಪ್ಪತ್ತು ವರ್ಷ ಒಮ್ಮೆಯೂ ಹೀಗೆ ಮಾತಾಡದ ಮನುಷ್ಯ.

‘ಹೊರಗ ಹೇಳಿದ್ರ ನಂದೇ ಮರ್ಯಾದಿ ಹೋಗ್ತದಂತ ಬಾಯಿ ಮುಚ್ಚಿಕೊಂಡೆ. ಬ್ಯಾರೆ ಹೆಣ್ಮಕ್ಕಳು ಗಂಡನ ಜೋಡಿ ನಕ್ಕೋತ ಹೋಗೋದು ಕಂಡ್ರ ನನಗೂ ಹೊಟ್ಟಿ ಉರೀತಿತ್ತು’ ಎನ್ನುತ್ತಾರೆ ಜಗದೇವಿ.

ಒಂದು ಮುಂಜಾನೆ ಪೀರಪ್ಪ ಬೆನ್ನು ಹತ್ತಿ ಹಳಿಗೇ ಬಂದರು. ಹೆಂಡತಿಯ ಪಕ್ಕ, ಹಳಿಯ ಕೆಲಸಕ್ಕೇ ಬಂದಿದ್ದ ಭಾಗಣ್ಣನನ್ನು ಕಂಡು ಬೈಯುತ್ತ ಹಳಿ ದಾಟುವಾಗ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟರು. ಈ ರೋಗ ಹಾಗೆ ನಡುದಾರಿಯಲ್ಲೇ ಕಾಲು ಕಟ್ಟಿಹಾಕುತ್ತದೆ. ತಿರುವಿನಲ್ಲಿ ಗೂಡ್ಸ್ ಗಾಡಿ ಕೂಗಿತು. ಜಗದೇವಿ ಕೆಂಪು ಬಾವುಟ ಬಿಚ್ಚಿ ಗಾಡಿಯತ್ತ ಓಡಿದರು. ಭಾಗಣ್ಣ ಗೆಳೆಯನನ್ನು ತಬ್ಬಿ ಎತ್ತಿ ಆಚೆ ಇಳಿಸಿದರು. ಪೀರಪ್ಪ ಭಾಗಣ್ಣನ ಎದೆಗೆ ಗುದ್ದುತ್ತಲೇ ಇದ್ದರು.

ಅದೇ ವಾರ ಹೈದರಾಬಾದಿನ ಡಾಕ್ಟರ ಮುಂದೆ ಜಗದೇವಿ ಬಾಯಿಬಿಟ್ಟರು. ‘ಕೈ ನಡುಗಲಿ ಸಾಹೇಬ್ರ, ನಾ ಉಣಿಸ್ತೀನಿ. ಈ ಸಂಶಯಕ್ಕೇನರ ಔಷಧ ಅದ ಏನ್ರಿ?’

ಅದೂ ರೋಗದ್ದೇ ಒಂದು ಮುಖ, ಮಾತ್ರೆಯ ಪ್ರಮಾಣ ಏರಿದಂತೆ ಕೆಲವರಲ್ಲಿ ಹೆಚ್ಚುತ್ತದೆ ಎಂದರು ಡಾಕ್ಟರು. ಮಾತ್ರೆ ಇಳಿಸಿದರೆ ಸಂಶಯ ತಗ್ಗಿ ಮೈ ಕಟ್ಟಿಗೆಯಾಯಿತು. ಏರಿಸಿದರೆ ಸಂಶಯ ಮರಳಿತು. ಕೊನೆಗೆ ಉಳಿದದ್ದು, ಮಿದುಳಿನ ಆಳಕ್ಕೆ ಎರಡು ಸಣ್ಣ ತಂತಿ ಇಳಿಸಿ ಎದೆಯ ಚರ್ಮದಡಿ ಬ್ಯಾಟರಿ ಕೂರಿಸುವ ಶಸ್ತ್ರಚಿಕಿತ್ಸೆ. ಮೈ ಸಡಿಲಾದರೆ ಮಾತ್ರೆ ಕಡಿಮೆ ಮಾಡಬಹುದು, ಆದರೆ ಮನಸ್ಸಿನ ವಿಷಯಕ್ಕೆ ಖಾತ್ರಿ ಇಲ್ಲ, ಕೆಲವರಿಗೆ ಇನ್ನೂ ಕೆಟ್ಟದ್ದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಂಡ-ಹೆಂಡತಿ ಇಬ್ಬರೂ ಸಹಿ ಹಾಕಿದರು.

ಶಸ್ತ್ರಚಿಕಿತ್ಸೆಯಾಗಿ ಈಗ ಎರಡು ವರ್ಷ. ಮಾತ್ರೆ ಅರ್ಧಕ್ಕಿಂತ ಕಡಿಮೆಯಾಗಿದೆ. ಸಂಶಯ ಒಮ್ಮೆಲೇ ಹೋಗಲಿಲ್ಲ, ಐದಾರು ತಿಂಗಳಲ್ಲಿ ಕರಗಿತು. ಭಾಗಣ್ಣ ಮತ್ತೆ ಚಹಾಕ್ಕೆ ಬರುತ್ತಾರೆ.

‘ಅಂದ ಮಾತೆಲ್ಲ ನೆನಪದಾವ್ರಿ, ಅದೇ ಭಾಳ ಸುಡ್ತದ’ ಎನ್ನುತ್ತಾರೆ ಪೀರಪ್ಪ. ಮಾತು ಮುಂದುವರಿಸುತ್ತಾರೆ: ‘ಈಗೂ ಹೊಟ್ಟಿಕಿಚ್ಚು ಅದ. ನನ್ನ ಹಾದಿ ಆಕಿ ನಡೀಲಿಕತ್ತಾಳ. ಇದು ರೋಗದ್ದಲ್ಲ, ನಂದು.’

ಜಗದೇವಿ ನಗುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ಹೇಳುತ್ತಾರೆ.

‘ನಡಿಯೋವಾಗ ಹಿಂದ ಯಾರರ ಬರಾಕತ್ತಾರೇನು ಅಂತ ತಿರುಗಿ ನೋಡ್ತೀನ್ರಿ, ಗಾಡಿ ಸಲುವಾಗಿ ಅಲ್ಲ, ಇವ್ರ ಸಲುವಾಗಿ. ಆ ಚಟ ಒಂದು ಹೋದ್ರ ಸಾಕು. ನೌಕರಿ ಇನ್ನಾ ಹದಿಮೂರು ವರ್ಷ ಅದ. ಅಷ್ಟರಾಗ ಹೋಗ್ತದ.’