ಕೊಳ್ಳುವವನ ಕಣ್ಣಿಗೆ ಕಂಡ ಆಡು

ಘಟ್ಟದ ಮೇಲಿಂದ ಆಡು ತಂದು ಪುತ್ತೂರು, ಕಡಬದಲ್ಲಿ ಮಾರುವುದು ನನ್ನ ಕಸುಬು. ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯಿತು. ಉಳಿದದ್ದನ್ನು ಆಡುಗಳೂ ಗಿರಾಕಿಗಳೂ ಕಲಿಸಿದರು. ಹಾಗಾಗಿ ಪಶುವೈದ್ಯ ಕಾಲೇಜಿನ ಹುಡುಗಿಯೊಬ್ಬಳು ಆಲಂಕಾರಿನ ನನ್ನ ಶೆಡ್ಡಿಗೆ ಬಂದು, “ಈ ಸಂಶೋಧನೆಯಲ್ಲಿ ನೀವೂ ನಮ್ಮ ಜೊತೆ ಕೂತುಕೊಳ್ಬೇಕು ಕಾಕ” ಎಂದಾಗ ನನಗೆ ನಗು ಬಂದಿತ್ತು.

ಸಾಗಾಟದಲ್ಲಿ ಆಡುಗಳಿಗೆ ಎಲ್ಲಿ, ಹೇಗೆ ನೋವಾಗುತ್ತದೆ ಎಂದು ತಿಳಿಯುವುದು ಅವಳ ಕೆಲಸ. ವ್ಯಾಪಾರಿಗಳನ್ನೂ ಡ್ರೈವರುಗಳನ್ನೂ ಒಂದು ತಿಂಗಳು ಕೇಳಿದಳು. ಕುಂಟುವ ಆಡು ಉಂಟಾ? ಇಲ್ಲ. ಗಾಯ? ಇಲ್ಲ. ನಾನೂ ಹಾಗೆಯೇ ಹೇಳಿದ್ದೆ. ಒಂದು ದಿನ ಕಾಗದದ ಕಟ್ಟು ಮಡಿಲಲ್ಲಿಟ್ಟುಕೊಂಡು ಸಪ್ಪಗೆ ಕೂತಳು.

“ಇದನ್ನು ಓದಿದ್ರೆ ನಿಮ್ಮ ಆಡುಗಳು ಮದುವೆಗೆ ಕಾರಲ್ಲಿ ಬಂದ ಹಾಗೆ ಉಂಟು ಕಾಕ. ಇಲ್ಲಿ ತೊಂದರೆ ಇಲ್ಲ ಅಂತ ಬರೆದು ಈ ಕಡೆಯ ಕೆಲಸ ನಿಲ್ಲಿಸ್ಲಿಕ್ಕೆ ಹೇಳಿದ್ದಾರೆ ನಮ್ಮ ಸರ್.”

ಆಗ ಹೊಳೆಯಿತು. ಮಾರುವವನು ತನ್ನ ಮಾಲಿನ ಕುಂದನ್ನು ಬಾಯಿಬಿಟ್ಟು ಹೇಳುತ್ತಾನೆಯೇ? ಯಾರಿಗೂ ಮೋಸ ಮಾಡಬೇಕೆಂದಿರಲಿಲ್ಲ, ನಾಲಗೆಗೆ ಅಭ್ಯಾಸ.

“ಎಂತ ಮಗಳೇ, ಮಾರುವವನ ಹತ್ರ ಕೇಳುದಾ? ಒಬ್ಬನ ಆಡನ್ನು ಇನ್ನೊಬ್ಬ ಚೌಕಾಸಿ ಮಾಡ್ಲಿ, ಬೆಲೆ ಇಳಿಸ್ಲಿಕ್ಕೆ ಕುಂದೆಲ್ಲ ಅವನೇ ಹುಡುಕಿ ಹೇಳ್ತಾನೆ. ನೀನು ಪಕ್ಕದಲ್ಲಿ ನಿಂತು ಬರ್ಕೊಳ್ಳುದು, ಅಷ್ಟೆ.”

ಸಲಹೆ ಕೊಟ್ಟವನ ಆಡಿನಿಂದಲೇ ಶುರುವಾಯಿತು. ಮರುದಿನ ಘಟ್ಟ ಇಳಿದು ಬಂದ ಲೋಡಿನ ಎದುರು, ಸುಳ್ಯ ಕಡೆಯಿಂದ ಸಾಕಲು ಆಡು ಕೊಳ್ಳಲು ಬರುವ ಗೌಡರೊಬ್ಬರನ್ನು ನಿಲ್ಲಿಸಿದೆವು. ಅವರು ಒಂದರ ಮುಂಗಾಲು ಎತ್ತಿ ಹಿಡಿದರು.

“ಮೊಣಕಾಲು ನೋಡಿ ಸಾಯ್ಬ್ರೆ, ಚರ್ಮವೇ ಇಲ್ಲ. ಇದು ಹರಕೆ ಹೊತ್ತು ಮೊಣಕಾಲಲ್ಲೇ ಘಟ್ಟ ಇಳಿದದ್ದಾ?”

ನೆರೆದವರು ನಕ್ಕರು. ಮುಟ್ಟಿದ ಆಡುಗಳಲ್ಲಿ ಹೆಚ್ಚಿನವಕ್ಕೆ ಅದೇ ಗಾಯ. ಹುಡುಗಿ ನಗಲಿಲ್ಲ, ಬರೆದು ಮುಗಿಸಿ ನನ್ನ ಪಿಕಪ್ ಹತ್ತಿದಳು. ತೊಳೆಯಲು ಸುಲಭವೆಂದು ನೆಲಕ್ಕೆ ನುಣುಪು ತಗಡು ಹೊಡೆಸಿದ್ದೆ.

“ತಿರುವಿನಲ್ಲಿ ಇದರ ಮೇಲೆ ನೀವು ನಿಲ್ತೀರಾ ಕಾಕ?”

“ನಿಲ್ಲದೆ ಎಂತ?” ಎಂದು ಹತ್ತಿದೆ. ಡ್ರೈವರ್ ಅಂಗಳದಲ್ಲಿ ಗಾಡಿ ತಿರುಗಿಸಿದ. ಎರಡನೇ ಸುತ್ತಿಗೆ ನಾನೂ ಮೊಣಕಾಲ ಮೇಲಿದ್ದೆ.

ಆ ವಾರವೇ ನೆಲ್ಯಾಡಿಯಿಂದ, ದನದ ಹಟ್ಟಿಗೆ ಹಾಸುವ, ಕಾಲು ಜಾರದಂತೆ ಉಬ್ಬುಗಳಿರುವ ರಬ್ಬರ್ ಮ್ಯಾಟ್ ತಂದು ಹಾಸಿದೆ. ಗಾಡಿ ಇರುವವರಿಗೆಲ್ಲ ಹೇಳುತ್ತೇನೆ: ಮೊದಲು ಬರಿಗಾಲಲ್ಲಿ ಹತ್ತಿ ನೋಡಿ, ಆಮೇಲೆ ಆಡು ಹತ್ತಿಸಿ.

ಅವಳ ಕೆಲಸ ನಿಲ್ಲಲಿಲ್ಲ. ಇಷ್ಟು ವರ್ಷ ನನ್ನ ಆಡುಗಳ ಮೊಣಕಾಲನ್ನು ನಾನೇ ನೋಡಿರಲಿಲ್ಲ. ನೋಡುವ ಹಾಗೆ ಮಾಡಿದ ಆ ಹುಡುಗಿಗೆ ನಾನು ಋಣಿ. ಮ್ಯಾಟ್ ಹಾಸಿದ ಮೇಲೆ ಬಂದ ಮೊದಲ ಲೋಡಿಗೂ ಅದೇ ಗೌಡರನ್ನು ಕರೆದೆವು. ಒಂದೊಂದೇ ಕಾಲು ಸವರಿದರು, ಗಾಯ ಸಿಗಲಿಲ್ಲ. ಕೊಳ್ಳುವವರು ಸುಮ್ಮನಿರಲಾದೀತೇ?

“ಕಿವಿ ಸ್ವಲ್ಪ ಉದ್ದ ಆಯ್ತು” ಎಂದರು.

ಅವಳು ಅದನ್ನೂ ಬರೆದುಕೊಂಡಳು, ಈ ಸಲ ನಗುತ್ತಾ.