ತಿಮ್ಮೇಶ್ ಕೆಲಸ ಬಿಟ್ಟ ಸುದ್ದಿ

ಕೈಲಾಂಚದ ತಿಮ್ಮೇಶ್ ಹದಿನೇಳು ವರ್ಷ ಗೊಂಬೆಗಳನ್ನು ಹೊತ್ತು ದೇಶ ಸುತ್ತಿದ. ದೊಡ್ಡಮಳೂರಿನ ಹತ್ತಿರ ಮನೋಹರ್ ಎಂಬುವವನ ಆಟಿಕೆ ಕಾರ್ಖಾನೆಯಿತ್ತು. ಅಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಬುಗುರಿ, ಗಿಲಕಿ, ಮರದ ರೈಲುಗಳನ್ನು ಎರಡು ಸೂಟ್‌ಕೇಸಿಗೆ ತುಂಬಿಕೊಂಡು ಜೈಪುರ, ಅಹಮದಾಬಾದ್, ಕೋಲ್ಕತ್ತಾದ ಅಂಗಡಿಗಳಿಗೆ ತೋರಿಸಿ ಆರ್ಡರ್ ತರುವುದು ಅವನ ಕೆಲಸ. ತಿಂಗಳಲ್ಲಿ ಹದಿನೈದು ದಿನ ಹೊರಗೇ ಇರುತ್ತಿದ್ದ. ಮಗಳು ಪ್ರತಿಮಾ ಮೊದಲ ಹೆಜ್ಜೆಯಿಟ್ಟ ದಿನ ಅವನು ಸೂರತ್‌ನಲ್ಲಿದ್ದ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ ಎಲ್ಲವನ್ನೂ ಹೆಂಡತಿ ಕುಸುಮಳೇ ನೋಡಿಕೊಂಡಳು. ಎಸ್ಸೆಸ್ಸೆಲ್ಸಿ ಮುಗಿಸಿದ್ದವನು ರೈಲಿನಲ್ಲೇ ಹಿಂದಿ ಕಲಿತ. ಕೋಲ್ಕತ್ತಾದ ಒಬ್ಬ ಅಂಗಡಿಯ ಯಜಮಾನಿ, ಎಪ್ಪತ್ತು ದಾಟಿದವರು, ಅವನು ಹೋದರೆ ಮನೆಯಿಂದ ಊಟ ತರಿಸುತ್ತಿದ್ದರು. ಅವನು ಅವರನ್ನು ದೀದಿ ಎನ್ನುತ್ತಿದ್ದ.

ಕಾರ್ಖಾನೆ ಶುರುವಾದಾಗ ಇದ್ದವರು ಮೂವರೇ: ಮನೋಹರ್, ತಿಮ್ಮೇಶ್, ಮರ ಕಡೆಯುವ ಕೆಲಸದ ಆಫ್ತಾಬ್. ಹಾಗಾಗಿ ತಿಮ್ಮೇಶ್ ಧಣಿಯನ್ನು ಸಾರ್ ಎಂದವನಲ್ಲ, ಅಣ್ಣ ಎಂದೇ ಕರೆದ.

ಕೊರೊನಾ ಬಂದು ರೈಲುಗಳು ನಿಂತವು. ಮನೋಹರ್ ಒಂದು ಲ್ಯಾಪ್‌ಟಾಪ್ ತಂದು ವಿಡಿಯೊ ಮೀಟಿಂಗ್ ಮಾಡಿಸಿದ. ಮೊದಲನೆಯದು ಪೂರಾ ಕೆಟ್ಟಿತು. ಎಲ್ಲರೂ ಒಟ್ಟಿಗೆ ಮಾತಾಡಿದರು. ಹಳದಿ ಬುಗುರಿ ಪರದೆಯಲ್ಲಿ ಕಿತ್ತಳೆಯಾಗಿ ಕಂಡಿತು. ಜೈಪುರದ ವ್ಯಾಪಾರಿ ಮಧ್ಯದಲ್ಲೇ ಎದ್ದುಹೋದ. ಇದು ನಮಗೆ ಆಗಿಬರುವುದಿಲ್ಲ ಎಂದು ಮನೋಹರ್ ಕೈಚೆಲ್ಲಿದ.

ದಾರಿ ಹುಡುಕಿದವನು ತಿಮ್ಮೇಶ್. ಗೊಂಬೆಯನ್ನು ಕೈಯಲ್ಲಿ ಹಿಡಿಯದೆ ಯಾರೂ ಕೊಳ್ಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಸ್ಯಾಂಪಲ್ ಡಬ್ಬಿ ಮೀಟಿಂಗಿಗೆ ಎರಡು ದಿನ ಮೊದಲೇ ಕೊರಿಯರಿನಲ್ಲಿ ತಲುಪುವಂತೆ ಮಾಡಿದ. ಇಲ್ಲಿನ ಗೊಂಬೆಗೂ ಅಲ್ಲಿನದಕ್ಕೂ ಒಂದೇ ನಂಬರಿನ ಚೀಟಿ. ಅಂಗಡಿ ತೆರೆದು ಪೂಜೆ ಮುಗಿದ ಮೇಲೆ, ಹನ್ನೊಂದಕ್ಕೆ, ಅರ್ಧ ಗಂಟೆ ಮಾತ್ರ ಮಾತು. ಮರದ ವಿಷಯ ಕೇಳಿದರೆ ಉತ್ತರಿಸಲು ಆಫ್ತಾಬ್ ಪಕ್ಕದಲ್ಲಿರಬೇಕು. ಕೊನೆಗೆ ಒಪ್ಪಿದ್ದನ್ನೆಲ್ಲ ಓದಿ ಹೇಳಿ ವಾಟ್ಸಾಪಿನಲ್ಲಿ ಕಳಿಸಬೇಕು. ಮೂರು ತಿಂಗಳಲ್ಲಿ ಆರ್ಡರುಗಳು ಮೊದಲಿನಂತೆ ಬಂದವು.

ಮನೋಹರನ ಅಣ್ಣನ ಮಗಳು ಶ್ವೇತ ಕೆಲಸಕ್ಕೆ ಸೇರಿದಾಗ ತಿಮ್ಮೇಶನೇ ಅವಳಿಗೆ ಎಲ್ಲವನ್ನೂ ಹೇಳಿಕೊಟ್ಟ. ಯಾರಿಗೆ ಯಾವ ಬಣ್ಣ ಆಗದು, ಯಾರನ್ನು ಮೊದಲು ಮಾತಾಡಲು ಬಿಡಬೇಕು, ದೀದಿಗೆ ಎಡಗಿವಿ ಮಂದ ಎಂಬುದನ್ನು ಸಹ. ರೈಲು ಮತ್ತೆ ಓಡಿದರೂ ಇನ್ನು ತಿರುಗಾಟ ಬೇಡವೆಂದು ಮನೋಹರ್ ಹೇಳಿದ. ಮಗಳ ಜೊತೆ ಊಟಕ್ಕೆ ಕೂರಬಹುದೆಂದು ತಿಮ್ಮೇಶ್ ಖುಷಿಪಟ್ಟ. ಆಮೇಲೆ, ಮಾತಾಡುವುದನ್ನು ಶ್ವೇತ ನೋಡಿಕೊಳ್ಳಲಿ, ನೀನು ಪ್ಯಾಕಿಂಗ್ ನೋಡು ಎಂದು ಮನೋಹರ್ ಹೇಳಿದಾಗಲೂ ಅವನಿಗೆ ಅನುಮಾನ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ಡಬ್ಬಿ ಕಟ್ಟಿದ.

ದಸರೆಗೆ ಮುಂಚೆ ಒಂದು ಮಧ್ಯಾಹ್ನ ದೀದಿಯ ಫೋನು ಬಂತು. ಇಷ್ಟು ವರ್ಷದ ಪರಿಚಯ, ಒಂದು ಮಾತು ಹೇಳದೆ ಕೆಲಸ ಬಿಟ್ಟೆಯಲ್ಲ ಎಂದು ನೊಂದುಕೊಂಡರು. ನೀನು ರೇಷ್ಮೆ ಹುಳ ಸಾಕಲು ಊರಿಗೆ ಹೋದೆಯೆಂದು ಮನೋಹರ್ ಎರಡು ತಿಂಗಳ ಹಿಂದೆಯೇ ಮೀಟಿಂಗಿನಲ್ಲಿ ಹೇಳಿದ, ಎಲ್ಲರೂ ಚಪ್ಪಾಳೆ ತಟ್ಟಿ ಒಳ್ಳೆಯದಾಗಲಿ ಎಂದೆವು ಎಂದರು. ಆ ಹೊತ್ತಿಗೆ ತಿಮ್ಮೇಶ್ ಅವರ ಅಂಗಡಿಗೇ ಹೋಗಬೇಕಾದ ಡಬ್ಬಿಗೆ ಟೇಪು ಹಚ್ಚುತ್ತಿದ್ದ. ಸರಿಯಾಗಿ ಕೇಳಿಸುತ್ತಿಲ್ಲ ಎಂದು ಫೋನಿಟ್ಟ.

ಮನೆಯಲ್ಲಿ ಕುಸುಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: "ದೇಸಕ್ಕೆಲ್ಲ ಹೇಳವ್ನೆ. ನಿಮಗೊಬ್ರಿಗೆ ಹೇಳ್ನಿಲ್ವಲ್ಲ."

ಮರುದಿನ ಅವನು ಮನೋಹರನನ್ನು ನೇರವಾಗಿ ಕೇಳಿದ. ಮನೋಹರ್ ಮುಖ ತಪ್ಪಿಸಲಿಲ್ಲ.

"ಅವ್ರಿಗೆಲ್ಲ ನಿನ್ ಮೇಲೆ ಪ್ರೀತಿ ಜಾಸ್ತಿ ಕಣಪ್ಪ. ನಾನೇ ತೆಗುದ್ಬುಟ್ಟೆ ಅಂದ್ರೆ ಬೇಜಾರ್ ಮಾಡ್ಕೊತಿದ್ರು. ದೀಪಾವಳಿ ಮಾಲು ಹೋಗ್ಲಿ, ಆಮೇಲ್ ನಿಂಗೆ ಹೇಳಾಣ ಅಂತಿದ್ದೆ."

"ಒಂದು ದಿನ ಮುಂಚೆ ನಂಗೇಳಿದ್ರೆ ನಾನೇ ಅವ್ರಿಗೆ ಹೇಳ್ತಿದ್ನಲ್ಲಣ್ಣ," ಎಂದ ತಿಮ್ಮೇಶ್.

ಹನ್ನೊಂದಕ್ಕೆ ಮೀಟಿಂಗ್ ಶುರುವಾಯಿತು. ತಿಮ್ಮೇಶ್ ಒಳಗೆ ಹೋಗಿ ಶ್ವೇತಳ ಕುರ್ಚಿಯ ಹಿಂದೆ ನಿಂತ. ಪರದೆಯ ಮೇಲೆ ಎಲ್ಲ ಹಳೆಯ ಮುಖಗಳೂ ಇದ್ದವು. ಅವನನ್ನು ಕಂಡು ದೀದಿ ಕನ್ನಡಕ ಸರಿಮಾಡಿಕೊಂಡರು. ಅವನು ಹಿಂದಿಯಲ್ಲಿ ನಮಸ್ಕಾರ ಹೇಳಿ, ನಾನು ಈವರೆಗೆ ಕೆಲಸ ಬಿಟ್ಟಿರಲಿಲ್ಲ, ಪಕ್ಕದ ಕೋಣೆಯಲ್ಲೇ ಇದ್ದೆ, ನಿಮ್ಮ ಮುಂದಿರುವ ಡಬ್ಬಿಗಳನ್ನು ಕಟ್ಟಿದವನು ನಾನೇ, ಈಗ ಬಿಡುತ್ತಿದ್ದೇನೆ ಎಂದ. ಶ್ವೇತ ತಲೆ ತಗ್ಗಿಸಿದಳು. ಅವಳ ಪಕ್ಕದಲ್ಲಿದ್ದ ಆಫ್ತಾಬ್ ಕೂಡ ತಲೆಯೆತ್ತಲಿಲ್ಲ. ಆಗ ತಿಮ್ಮೇಶನಿಗೆ ಹೊಳೆಯಿತು: ಆ ಎರಡು ತಿಂಗಳಲ್ಲಿ ಪ್ರತಿ ಮೀಟಿಂಗಿನಲ್ಲೂ ಆಫ್ತಾಬ್ ಇದ್ದ. ಚಪ್ಪಾಳೆಯನ್ನೂ ಕೇಳಿದ್ದ. ಆಮೇಲೆ ಎಂದಿನಂತೆ ಬಂದು ತಿಮ್ಮೇಶನ ಬುತ್ತಿಯಲ್ಲಿ ಪಾಲು ತಗೊಂಡಿದ್ದ.

ತಿಮ್ಮೇಶ್ ಹೊರಬಂದು ಬಸ್ಸು ಹಿಡಿದ.

ಕಾರ್ಖಾನೆಗೆ ಏನೂ ಆಗಲಿಲ್ಲ. ಅವನು ಹಾಕಿಕೊಟ್ಟ ಕ್ರಮ ಅಷ್ಟು ಗಟ್ಟಿಯಾಗಿತ್ತು. ಅವನಿಲ್ಲದೆಯೂ ಆರ್ಡರುಗಳು ಬಂದವು. ವ್ಯಾಪಾರಿಗಳು ಕೆಲವು ದಿನ ಫೋನು ಮಾಡಿ ಆಮೇಲೆ ನಿಲ್ಲಿಸಿದರು. ಅವನು ಕುಸುಮಳ ಜೊತೆ ಸೊಪ್ಪು ಕೊಯ್ದ, ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ಹೊತ್ತ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಆಫ್ತಾಬ್ ಬೈಕಿನಲ್ಲಿ ಬಂದು ಜಗಲಿಯಲ್ಲಿ ಕೂತ. ಬಾಯಿಬಿಟ್ಟರೆ ನಿನ್ನ ಕೆಲಸವೂ ಹೋಗುತ್ತದೆಂದು ಮನೋಹರ್ ಹೆದರಿಸಿದ್ದ, ಮೂರು ಮಕ್ಕಳಿದ್ದಾರೆ, ಏನು ಮಾಡಲಿ ಎಂದ.

"ಅವ್ನು ಧಣಿ, ಅವ್ನ ಲೆಕ್ಕವೇ ಬ್ಯಾರೆ," ಎಂದ ತಿಮ್ಮೇಶ್. "ನೀನು ಹೇಳ್ಬೇಕಿತ್ತು ಕಣ್ಲಾ."

ಆಫ್ತಾಬ್ ಎದ್ದು ಬೈಕಿನ ಕಡೆ ಹೋದ. ಅವನನ್ನು ಕಳಿಸಲು ತಿಮ್ಮೇಶ್ ರಸ್ತೆಯ ತನಕ ಬರಲಿಲ್ಲ.