ಆಯಿ ಅನ್ನಿಸಿಕೊಳ್ಳುವ ಆಸೆ

ಮೊಮ್ಮಗಳು ಹುಟ್ಟುವ ಮೊದಲೇ ಮನೆಯವರೆಲ್ಲರ ಕಿವಿಗೆ ಒಂದು ಮಾತು ಹಾಕಿಟ್ಟಿದ್ದೆ. ಕೂಸು ನನ್ನನ್ನು ಅಜ್ಜಿ ಅನ್ನಬಾರದು, ಆಯಿ ಅನ್ನಬೇಕು. ಗುತ್ತಲದಲ್ಲಿದ್ದ ನನ್ನ ತಾಯಿಯ ತಾಯಿಯನ್ನು ನಾನು ಕರೆಯುತ್ತಿದ್ದದ್ದು ಹಾಗೆ. ಸಂತೆಯಿಂದ ಬಂದವಳು ಹುರಿಗಡಲೆ ಕಟ್ಟಿಕೊಂಡ ಸೆರಗಿನ ಗಂಟನ್ನು ಮೊದಲು ನನ್ನ ಮುಂದೆಯೇ ಬಿಚ್ಚುತ್ತಿದ್ದಳು. ಆ ಶಬ್ದಕ್ಕೆ ಇವತ್ತಿಗೂ ನನಗೆ ಪುಟಾಣಿಯ ವಾಸನೆ.

"ನನಗ ಅಜ್ಜ ಅಂದ್ರ ಸಾಕು. ನಿಂದ ನೀ ನೋಡ್ಕೊ" ಎಂದು ನಮ್ಮ ಯಜಮಾನರು ಬೀಜದ ಅಂಗಡಿಗೆ ಹೊರಟುಬಿಟ್ಟರು.

ಆದರೆ ಚೊಚ್ಚಲ ಬಾಣಂತನ ಸೊಸೆಯ ತವರಾದ ಬ್ಯಾಡಗಿಯಲ್ಲಿ. ಕೂಸು ಐದು ತಿಂಗಳು ಅಲ್ಲೇ ಇತ್ತು. ನಾನು ರಾಣೆಬೆನ್ನೂರಿನಿಂದ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಬೀಗತಿ ಕೂಸಿನ ಕಿವಿಯ ಹತ್ತಿರ ಬಾಯಿ ಇಟ್ಟು ಏನೋ ಗುಣುಗುಣು ಅನ್ನುವರು. ಏನು ಹೇಳುತ್ತಿದ್ದರೋ ಕೇಳಿಸುತ್ತಿರಲಿಲ್ಲ. ಆಯಿ ಅನ್ನುವುದನ್ನು ಇವರು ಮೊದಲೇ ತಮಗೆ ಹಿಡಿದಿಟ್ಟುಕೊಳ್ಳುತ್ತಾರೆ ಎಂದು ನನಗೆ ಆಗಲೇ ಅನಿಸಿತ್ತು. ಅವರು "ನೋಡು, ಯಾರ ಬಂದಾರ!" ಅನ್ನುವರೇ ಹೊರತು ಬಂದವರು ಯಾರು ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ತೊಟ್ಟಿಲಿಗೆ ಹಾಕಿದ ದಿನ ನನ್ನ ಮಗಳು ಕೂಸಿನ ಕಿವಿಯಲ್ಲಿ ನಮ್ಮ ಅತ್ತೆಯವರ ಹೆಸರು ಹೇಳಿದಳು. ಹಿರಿಯರ ಹೆಸರು, ಎಲ್ಲರಿಗೂ ಸಂತೋಷ. ನನಗೊಬ್ಬಳಿಗೆ ಪೇಚು. ಮೂವತ್ತು ವರ್ಷ ಅತ್ತೆಯ ಹೆಸರನ್ನು ನಾನು ಬಾಯಿಗೆ ತಂದವಳಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಚೀಟಿ ಮಾಡಿಸುವಾಗಲೂ ಪಕ್ಕದಲ್ಲಿದ್ದ ಮಗನ ಕಡೆ ಕೈ ತೋರಿಸಿದವಳು. ಅವರು ತೀರಿಕೊಂಡು ಎಂಟು ವರ್ಷವಾದರೂ ನಾಲಿಗೆ ಏಳುವುದಿಲ್ಲ. ಹಾಗಾಗಿ ಕೂಸು ನಮ್ಮ ಮನೆಗೆ ಬಂದ ದಿನದಿಂದ ನಾನು ಅದನ್ನು "ಅತ್ತಿ" ಎಂದೇ ಕರೆದೆ. "ಅತ್ತಿ, ಹಾಲು ಕುಡೀರಿ. ಅತ್ತಿ, ಮಲ್ಕೋರಿ." ಸೊಸೆ ಬಾಯಿಗೆ ಸೆರಗು ಹಿಡಿದು ನಗುವಳು.

ಒಂದೂವರೆ ವರ್ಷಕ್ಕೆ ಮಾತು ಬಂತು. ಅಪ್ಪ, ಅಜ್ಜ, ಬೆಕ್ಕು, ಎಲ್ಲ ಸರಿಯಾಗಿ ಬಂತು. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುವಾಗ ನನ್ನ ಸೀರೆ ಜಗ್ಗಿ "ಅತ್ತೀ" ಅಂದಿತು.

ನನ್ನ ಕೈಯೊಳಗಿನ ಹಿಟ್ಟು ಅಲ್ಲೇ ನಿಂತಿತು. ಈ ಮನೆಯಲ್ಲಿ ನನಗೆ ಅತ್ತಿ ಅನ್ನುವವರು ಯಾರೂ ಇಲ್ಲ. ಮಗ, ಸೊಸೆ ಇಬ್ಬರೂ ಅವ್ವಾ ಅನ್ನುತ್ತಾರೆ. ಹಾಗಾದರೆ ಇದು ಬ್ಯಾಡಗಿಯ ಪಾಠ. ಆಯಿ ಅನ್ನುವುದನ್ನು ತಾವು ಇಟ್ಟುಕೊಂಡು, ಮಿಕ್ಕಿದ್ದನ್ನು ನನಗೆ ಕಳಿಸಿದ್ದಾರೆ. ಸೊಸೆಯನ್ನು ಕೇಳಿದರೆ, "ನನಗೇನ ಗೊತ್ರಿ ಅವ್ವಾ" ಎಂದು ಒಗೆಯುವ ಬಟ್ಟೆ ಎತ್ತಿಕೊಂಡು ಹೋದಳು. ಅವಳ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಳೇ?

ಮುಂದೆ ಅವಳು ಕೂಸಿನೊಂದಿಗೆ ವಾರಕ್ಕೆಂದು ತವರಿಗೆ ಹೋದಾಗ, ವರ್ಷದ ಖಾರಕ್ಕೆ ಮೆಣಸಿನಕಾಯಿ ಬೇಕು ಎಂಬ ನೆಪ ಮಾಡಿ ಬ್ಯಾಡಗಿ ಬಸ್ಸು ಹತ್ತಿದೆ. ಫೋನು ಮಾಡಲಿಲ್ಲ. ಬೀಗರ ಮನೆಯ ಬಾಗಿಲ ಹೊರಗೆ ಚಪ್ಪಲಿ ಬಿಡುವವಳಂತೆ ಬಗ್ಗಿ ಕಿವಿಗೊಟ್ಟೆ. ಒಳಗೆ ಬೀಗತಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು.

"ಯವ್ವಾ" ಅಂದಿತು ಕೂಸು.

"ಏನ ನಮ್ಮವ್ವಾ? ಮುಟ್ಟಬ್ಯಾಡ ಯವ್ವಾ, ಕಣ್ಣಿಗೆ ಹತ್ತತೈತಿ" ಅಂದರು ಬೀಗತಿ.

ಯವ್ವಾ! ಆಯಿ ಅಲ್ಲ. ನನ್ನ ಲೆಕ್ಕವೆಲ್ಲ ಅಲ್ಲೇ ಕಲಸಿಹೋಯಿತು.

ಬೀಗತಿ ತಲೆಯೆತ್ತಿದರು. "ಅಯ್ಯ, ಬರ್ರಿ ಬೀಗತೇರ! ಕಳ್ಳರಂಗ ಬಾಗಿಲದಾಗ ಯಾಕ ನಿಂತೀರಿ?"

ಕೂಸು "ಅತ್ತೀ" ಎಂದು ಓಡಿ ಬಂತು.

"ಇದನ್ನ ಇದಕ್ಕ ಯಾರು ಕಲಿಸಿದ್ರು, ಹೇಳಿಬಿಡ್ರಿ" ಎಂದೆ. ಅಷ್ಟು ಹೇಳಿ, ಕೂಸನ್ನು ಎತ್ತಿಕೊಂಡು, ರೂಢಿಯಂತೆ, "ಉಂಡ್ರೇನ ಅತ್ತಿ?" ಎಂದೆ.

ಬೀಗತಿ ನಗುತ್ತ ಕಣ್ಣೊರೆಸಿಕೊಳ್ಳಲು ಹೋಗಿ ಖಾರದ ಕೈ ಹಚ್ಚಿಕೊಂಡುಬಿಟ್ಟರು. ನೀರು ಹಾಕಿ ತೊಳೆದರೂ ನಗೆ ನಿಲ್ಲದು. "ಕಲಿಸಿದವರೂ ನೀವ, ಕೇಳವ್ರೂ ನೀವ! ನಾವು ಹೆಂಗ ಕರಿತೇವಿ, ಅದು ಹಂಗ ನಮ್ಮನ್ನ ಕರಿತೈತ್ರಿ. ನನಗೂ ಆಯಿ ಅನ್ನಿಸಿಕೋಬೇಕಂತ ಆಸೆ ಇತ್ತು. ಯವ್ವಾ, ಯವ್ವಾ ಅಂದೆ, ಅದ ಗಂಟ ಬಿತ್ತು."

ಆಸೆ ಇತ್ತಂತೆ. ಅಂದರೆ ನನ್ನ ಅನುಮಾನ ಪೂರ್ತಿ ಸುಳ್ಳಲ್ಲ.

"ಹೆಸರ ಹಿಡದ ಕರೀರಿ, ಮುಗೀತು" ಅಂದರು. ಬಾಯಿ ತೆರೆದೆ. ಮೊದಲ ಅಕ್ಷರಕ್ಕೇ ಮುಚ್ಚಿದೆ. ಆಮೇಲೆ ಹೊಳೆಯಿತು: ನಾನು ಹೆಸರು ಹಿಡಿದರೆ ಕೂಸೂ ನನ್ನನ್ನು ಅದೇ ಹೆಸರಿನಿಂದ ಕರೆದೀತು. ಅತ್ತೆಯ ಹೆಸರಿಗೆ ನಾನು ಓ ಅನ್ನುವುದೇ? ಬೇಡವೇ ಬೇಡ.

ವಾರ ಕಳೆದು ಕೂಸು ಮನೆಗೆ ಬಂದ ಮೇಲೆ ನಾನು ಅದನ್ನೇ "ಆಯಿ" ಎಂದು ಕರೆಯತೊಡಗಿದೆ. "ಆಯಿ, ಬಾ. ಆಯಿ, ಉಣ್ಣು." ಯಜಮಾನರು, "ನಿನ್ನಿ ಅತ್ತಿ, ಇವತ್ತ ಆಯಿ. ನಾಳಿ ಯಾರ?" ಎಂದು ಕಾಡಿದರು. ಹದಿನೈದು ದಿನ ಕೂಸು ಅತ್ತೀ ಅನ್ನುವುದನ್ನು ಬಿಡಲಿಲ್ಲ. ನಾನೂ ಬಿಡಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಹಿತ್ತಲಲ್ಲಿ ಶೇಂಗಾ ಒಣಹಾಕುತ್ತಿದ್ದೆ. ಬೆನ್ನ ಹಿಂದೆ "ಆಯೀ" ಎಂದು ಕೇಳಿಸಿತು. ಉತ್ತರ ಕೊಡುವ ಮೊದಲು ಎದ್ದು ಹೋಗಿ ಬಾಗಿಲ ಹಿಂದೆ ನೋಡಿದೆ, ಸೊಸೆ ನಿಂತು ಹೇಳಿಕೊಡುತ್ತಿದ್ದಾಳೇನೋ ಎಂದು. ಅಲ್ಲಿ ಕಸಬರಿಗೆ ಇತ್ತು, ಖಾಲಿ ಬಕೀಟು ಇತ್ತು, ಮತ್ಯಾರೂ ಇರಲಿಲ್ಲ. ಕೂಸು ಹೊಸ್ತಿಲ ಮೇಲೆ ನಿಂತು ಇನ್ನೊಮ್ಮೆ, ಸ್ವಲ್ಪ ಸಿಟ್ಟಿನಿಂದಲೇ, ಕರೆಯಿತು. ಆಗ ಓ ಅಂದೆ.